ಎರವಲು ಹೋದ ಗಂಟಲು

ಕೊತ್ತಗೆರೆಯ ಹನುಮಕ್ಕ ಮಾತು ಬಿಟ್ಟು ಎರಡನೇ ವರ್ಷ ನಡೀತಿತ್ತು. ಬಿಟ್ಟಳು ಅನ್ನುವುದಕ್ಕಿಂತ ಕಿತ್ತುಕೊಂಡರು ಅನ್ನಬೇಕು. ಹೊಗೆಸೊಪ್ಪು ಜಗಿದು ಜಗಿದು ಗಂಟಲಲ್ಲಿ ಗಡ್ಡೆಯಾಗಿತ್ತು. ಬೆಂಗಳೂರಿನ ಆಸ್ಪತ್ರೆಯವರು ದನಿಯ ಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕುತ್ತಿಗೆಯ ಮುಂದುಗಡೆ ಒಂದು ತೂತು ಬಿಟ್ಟು ಕಳಿಸಿದ್ದರು. ಆ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಅವಳು ಜಗುಲಿಯಲ್ಲಿ ಕೂತರೆ, ಗಂಡ ದೊಡ್ಡರಂಗಯ್ಯ ಬಂದವರಿಗೆಲ್ಲ ಹೇಳುತ್ತಿದ್ದ: “ಮನೆ ತಣ್ಣಗಾಯ್ತು ನೋಡಪ್ಪ. ಮದ್ವೆ ಆದ್ಮೇಲೆ ಇದೇ ಮೊದ್ಲು, ಗೋಡೆ ಗಡಿಯಾರದ ಸದ್ದು ಕೇಳ್ತಾ ಇರೋದು.”

ಅವನು ತಮಾಷೆಗೆ ಹೇಳುತ್ತಿರಲಿಲ್ಲ. ಅವನಿಗೆ ತಮಾಷೆ ಬರುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಎದುರಿಗೆ ಯಾರು ನಿಂತಿದ್ದಾರೆ ಅನ್ನುವುದೂ ಅವನಿಗೆ ದನಿಯಿಂದಲೇ ತಿಳಿಯಬೇಕಿತ್ತು. ಮನೆಯಲ್ಲಿ ಹೆಂಡತಿ ಇದ್ದಾಳೋ ಇಲ್ಲವೋ ಅನ್ನುವುದು ಈಗ ಅವನಿಗೆ ಕೆಮ್ಮಿನಿಂದ ಗೊತ್ತಾಗುತ್ತಿತ್ತು.

ಆ ಗಂಟಲು ಎಂಥದ್ದಾಗಿತ್ತು ಅನ್ನುವುದನ್ನು ಕುಣಿಗಲ್ ಸೀಮೆಯ ಹಳಬರನ್ನು ಕೇಳಬೇಕು. ಹಸೆಗೆ ಕರೆಯುವ ಹಾಡು, ಅರಿಶಿಣ ಕುಟ್ಟುವ ಹಾಡು ಎಲ್ಲರಿಗೂ ಬರುತ್ತಿತ್ತು. ಹನುಮಕ್ಕನನ್ನು ಕರೆಸುತ್ತಿದ್ದದ್ದು ಬೀಗರ ಪದಕ್ಕೆ. ಗಂಡಿನ ಕಡೆಯವರು ಎಲೆಯ ಮುಂದೆ ಕೂತ ಮೇಲೆ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹೆಸರು ಹಿಡಿದು ಜರಿದು ಹಾಡಬೇಕು. ಯಾರನ್ನು ಜರಿದರೋ ಅವರು ಎಲೆ ಮಡಿಸುವುದರೊಳಗೆ ಪದದಲ್ಲೇ ಉತ್ತರ ಕೊಡಬೇಕು. ಕೋಪ ಮಾಡಿಕೊಳ್ಳುವ ಹಾಗಿಲ್ಲ. ಉತ್ತರ ಕೊಡದವರು ಸೋತಂತೆ, ಹಾಡಿನಲ್ಲಿ ಬಂದ ಹೆಸರು ಅವರಿಗೆ ಸಾಯುವ ತನಕ ಅಂಟಿದಂತೆ. ಹನುಮಕ್ಕ ಹಾಡಿದ್ದಕ್ಕೆ ಉತ್ತರ ಕೊಟ್ಟು ಎದ್ದವರು ಕಡಿಮೆ. ಅವಳು ಅಂಟಿಸಿದ ಹೆಸರು ಹೊತ್ತುಕೊಂಡು ಮಣ್ಣಿಗೆ ಹೋದವರು ಬೇಕಾದಷ್ಟು ಜನ.

ತನ್ನ ಮಗಳ ಮದುವೆಯಲ್ಲೂ ಅವಳು ಸುಮ್ಮನಿರಲಿಲ್ಲ. ಮಗಳು ಅರುಣಾ ಆಗ ತಾನೇ ಗುಬ್ಬಿಯಲ್ಲಿ ಮೇಷ್ಟರ ಕೆಲಸಕ್ಕೆ ಸೇರಿದ್ದಳು. ಅಳಿಯ ರಂಗನಾಥ ಬ್ಯಾಂಕಿನವನು, ಒಳ್ಳೆಯವನು, ಆದರೆ ಗಿಡ್ಡ. ಹನುಮಕ್ಕ ಅವನ ಎಲೆಯ ಮುಂದೆ ನಿಂತು ತೆಗೆದಳು:

“ಅಳಿಯ ಬಂದವ್ನೆ ಅಂದ್ರು, ಅಂಗ್ಳೆಲ್ಲ ಹುಡುಕ್ದೆ
ಹೂಜಿ ಹಿಂದೇನು ಹೊಂಚವ್ನೊ, ತಂಗೇವ್ವ
ಇಕ್ಕಳ ಹಿಡ್ದು ತೆಗೀರವ್ವ.”

ಚಪ್ಪರ ಬಿದ್ದುಹೋಗುವಂತೆ ಜನ ನಕ್ಕರು. ರಂಗನಾಥ ಅನ್ನ ಕಲಸಿದ ಕೈಯನ್ನು ಹಾಗೇ ಇಟ್ಟುಕೊಂಡು ಕೂತ. ಅವನ ಕಡೆ ಯಾರಿಗೂ ಪದ ಬರುತ್ತಿರಲಿಲ್ಲ. ಅವತ್ತಿನಿಂದ ಅವನು ಇಕ್ಕಳದ ಅಳಿಯ. ಆ ಹೆಸರು ಬಸ್ಸು ಹತ್ತಿ ಗುಬ್ಬಿಗೂ ಹೋಯಿತು. ಬ್ಯಾಂಕಿನಲ್ಲಿ ಸಾಲು ನಿಂತವರು ಗುಸುಗುಸು ಅಂದರು. ಇಸ್ಕೂಲಿನ ಗೋಡೆಯ ಮೇಲೆ ಮಕ್ಕಳು ಸೀಮೆಸುಣ್ಣದಲ್ಲಿ ‘ಇಕ್ಕಳ ಮೇಡಂ’ ಅಂತ ಬರೆದರು. ರಂಗನಾಥ ಮತ್ತೆ ಕೊತ್ತಗೆರೆಗೆ ಕಾಲಿಡಲಿಲ್ಲ. ಅರುಣಾ ಬರುತ್ತಿದ್ದಳು, ಹೋಗುತ್ತಿದ್ದಳು, ಒಂದು ಸಲ ಮಾತ್ರ ಕೇಳಿದ್ದಳು: “ತಪ್ಪಾಯ್ತು ಅಂತ ಒಂದ್ ಮಾತು ಹೇಳಮ್ಮ ಅವ್ರಿಗೆ. ಫೋನಲ್ಲೇ ಹೇಳು.” ಹನುಮಕ್ಕ ಎಲೆಗೆ ಸುಣ್ಣ ಸವರುತ್ತಾ, “ಪದದಾಗೆ ಹೇಳಿದ್ದುಕ್ಕೆ ತಪ್ಪು ಕೇಳೋ ಪದ್ಧತಿ ಇಲ್ಲ ಕಣೆ. ನಿನ್ನ ಗಂಡಂಗೆ ಪದ ಕಲಿಯಕ್ಕೇಳು,” ಅಂದಿದ್ದಳು.

ಇಂಥ ಗಂಟಲು ಹೋಗುತ್ತೆ ಅಂತ ಗೊತ್ತಾದಾಗ ಓಡಿ ಬಂದವನು ಅವಳ ಅಣ್ಣನ ಮಗ ಅನಂತರಾಜು. ತುಮಕೂರಿನ ಶಿರಾ ಗೇಟ್‌ನಲ್ಲಿ ಮೊಬೈಲ್ ಅಂಗಡಿ. ಅಂಗಡಿಯಲ್ಲೇ ಕ್ಯಾಮೆರಾ ಇಟ್ಟುಕೊಂಡು ದಿನಾ ಯೂಟ್ಯೂಬಿನಲ್ಲಿ ಫೋನುಗಳ ಸುದ್ದಿ ಹೇಳುತ್ತಿದ್ದ. ಯಾವ ಅಪ್‌ಡೇಟ್ ಹಾಕಿದರೆ ಸ್ಕ್ರೀನ್ ಹಸಿರಾಗುತ್ತೆ, ಯಾವ ಆ್ಯಪ್ ಕದ್ದು ಕೇಳುತ್ತೆ, ಅದನ್ನು ಮಾಡಿದವರು ಅದಕ್ಕೆ ಏನಂದರು, ಇಂಥವು. ಹಿಂದೆ ರೇಡಿಯೋದಲ್ಲಿ ಕೃಷಿರಂಗ ಕೇಳುತ್ತಿದ್ದ ಹಾಗೆ ಹನುಮಕ್ಕ ಅದನ್ನು ಕೇಳುತ್ತಿದ್ದಳು. ಆಪರೇಷನ್ನಿಗೆ ಮುಂಚೆ ಅವನು ಅವಳನ್ನು ಕೂರಿಸಿಕೊಂಡು ತಾನು ಹೇಳಿದ್ದನ್ನೆಲ್ಲ ಅವಳಿಂದ ಹೇಳಿಸಿ ಫೋನಿಗೆ ತುಂಬಿದ. ಹೇಳುವುದು ಮುಗಿದರೂ ಅವಳು ನಿಲ್ಲಿಸಲಿಲ್ಲ, ಬರುವ ಪದಗಳನ್ನೆಲ್ಲ ಹಾಡಿ ಹಾಕಿದಳು.

ಆ ಆ್ಯಪಿನ ಹೆಸರು ನಿಜದನಿ. ಫೋನಿನಲ್ಲಿ ಮಾತು ಬರೆದರೆ ಅವಳದೇ ದನಿಯಲ್ಲಿ ಹೇಳುತ್ತಿತ್ತು. ಹನುಮಕ್ಕನಿಗೆ ಅಕ್ಷರ ಬರುತ್ತಿತ್ತು ಅಂದರೆ ಬರುತ್ತಿತ್ತು, ಮೂರನೇ ಕ್ಲಾಸಿಗೆ ಬಿಟ್ಟ ಓದು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಮೊದಲ ದಿನ ಅವಳು ಒತ್ತಿದ್ದು, “ಏನಯ್ಯಾ, ತಣ್ಣಗಾಯ್ತಾ ಮನೆ?” ದೊಡ್ಡರಂಗಯ್ಯನ ಕೈಯಲ್ಲಿದ್ದ ಮಜ್ಜಿಗೆ ಲೋಟ ಕೆಳಗೆ ಬಿತ್ತು.

“ದನಿ ಯಾರ ಕೈಗೂ ಸಿಕ್ಬಿಡಲ್ವೇನ್ಲಾ?” ಅಂತ ಅವಳು ಅನಂತರಾಜುವನ್ನು ಕೇಳಿದಳು, ಅದೇ ದನಿಯಲ್ಲಿ.

ಅವನು ವಿಡಿಯೋ ಒಂದನ್ನು ತೋರಿಸಿದ. ಆ್ಯಪ್ ಮಾಡಿದ ಹುಡುಗ, ಗಡ್ಡದವನು, ಎದೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ: ನಿಮ್ಮ ದನಿ ನಿಮ್ಮ ಆಸ್ತಿ. ಬೇಕಾದವರಿಗೆ ಕೊಡಿ, ಬೇಡವಾದ ದಿನ ಅಳಿಸಿ. ನೀವು ಅಳಿಸಿದ ಮೇಲೆ ನಮ್ಮ ಹತ್ತಿರವೂ ಇರಲ್ಲ, ಯಾರ ಹತ್ತಿರವೂ ಇರಲ್ಲ. “ಈ ಅಳ್ಸೋ ಕೆಂಪು ಬಟನ್ ಮಾತ್ರ ಮುಟ್‌ಬೇಡ ಅತ್ತೆ,” ಅಂದ ಅನಂತರಾಜು. “ಮುಟ್ಟಿದ್ರೆ ಹೋಯ್ತು. ಆ ದೇವ್ರೂ ವಾಪಸ್ ತರಕ್ಕಾಗಲ್ಲ.”

ಹನುಮಕ್ಕನಿಗೆ ಇದು ಚೆನ್ನಾಗಿ ಅರ್ಥವಾಯಿತು. ಅವಳ ಮನೆಯಲ್ಲಿ ದೊಡ್ಡದೊಂದು ತಾಮ್ರದ ಹಂಡೆ ಇತ್ತು. ಊರಿನ ಮದುವೆಗಳಿಗೆಲ್ಲ ಎರವಲು ಹೋಗುತ್ತಿತ್ತು. ಯಾರ ಮನೆಯ ಒಲೆಯ ಮೇಲೆ ಕೂತಿದ್ದರೂ ಅದು ಹನುಮಕ್ಕನ ಹಂಡೆ. ಅವಳು ಹೋಗಿ ಎತ್ತಿಕೊಂಡು ಬಂದರೆ ಅಲ್ಲಿಗೆ ಅವರ ಒಲೆಯ ಮೇಲೆ ಹಂಡೆ ಇಲ್ಲ. ದನಿಯೂ ಹಂಗೇ ಅಂದುಕೊಂಡಳು.

ಆಮೇಲೆ ಹೊಸ ಅಪ್‌ಡೇಟ್ ಬಂತು. ಈಗ ನಿಜದನಿ ಹಾಡುತ್ತಿತ್ತು, ರಾಗ ಹಿಡಿದು. ಜೊತೆಗೆ ಭಾಷೆಯನ್ನೂ ತೊಳೆಯತೊಡಗಿತು. ಅವಳು ‘ಸುಮ್ಕೆ ಬುಡು’ ಅಂತ ಒತ್ತಿದರೆ ಅದು ‘ಸುಮ್ಮನೆ ಬಿಡಿ’ ಅಂತ ಮರ್ಯಾದೆ ಕೊಟ್ಟು ಹೇಳಿತು. ದೊಡ್ಡರಂಗಯ್ಯ ಒಳಗಿನಿಂದ, “ಯಾರವ್ವ ಬಂದಿರೋದು, ನರ್ಸಮ್ಮನಾ?” ಅಂದ. ಹನುಮಕ್ಕ ಫೋನನ್ನು ರಾಗಿ ಡಬ್ಬದೊಳಗೆ ಹೂತಿಟ್ಟಳು. ಅನಂತರಾಜು ಬಂದು, ರಾಗಿ ಒರೆಸಿ, ಆ ತೊಳೆಯುವ ಬಟನ್ ಎಲ್ಲಿದೆ ಅಂತ ಹುಡುಕಿ ಆಫ್ ಮಾಡಿದ.

“ಅದನ್ ಮಾಡಿದೋನಿಗೆ ಕಾಮೆಂಟ್ ಹಾಕಿ ಬೈದೆ ಅತ್ತೆ. ‘ಗ್ರಾಹಕರೇ ಕೇಳಿದ್ದು’ ಅಂತ ಉತ್ತರ ಬರೆದವ್ನೆ. ಅದರ ಮೇಲೇ ಇವತ್ತು ವಿಡಿಯೋ ಮಾಡಿದೀನಿ, ಪೂರ್ತಿ ನೋಡು. ಇನ್ನೂ ಏನೇನೋ ಬದಲಾಯ್ಸವ್ರೆ.”

ಅವಳು ನೋಡಲಿಲ್ಲ. ಆ ಗಡ್ಡದವನ ಮುಖ ಬಂದ ಕೂಡಲೇ ಸಿಟ್ಟು ಬಂದು ಆರಿಸಿದಳು. ಅಂದಿನಿಂದ ಅನಂತರಾಜುವಿನ ಸುದ್ದಿ ಕೇಳುವುದನ್ನೂ ಬಿಟ್ಟಳು.

ಅರುಣಾಳ ಮಗಳು ಪಲ್ಲವಿಗೆ ಮದುವೆ ಗೊತ್ತಾಯಿತು. ಗಂಡು ತುಮಕೂರಿನ ಹತ್ತಿರದ ಕೋರದ ಕಡೆಯವನು. ಲಗ್ನಪತ್ರಿಕೆ ಕೊಡಲು ಅರುಣಾ ಒಬ್ಬಳೇ ಬಂದಳು. ಅಪ್ಪನಿಗೆ ಶರಟಿನ ಬಟ್ಟೆ ಕೊಟ್ಟು, ಅಮ್ಮನ ಪಕ್ಕ ಕೂತು, ಕುತ್ತಿಗೆಯ ಬಟ್ಟೆಯನ್ನು ತಾನೇ ಸರಿಮಾಡಿ ಕಟ್ಟಿದಳು.

“ಬೀಗರ ಪದ ನಾನೇ ಹಾಕ್ತೀನಿ,” ಅಂತ ಹನುಮಕ್ಕ ಒತ್ತಿದಳು. ಆಗಲೇ ಮನಸ್ಸಿನಲ್ಲಿ ಬೀಗಿತ್ತಿಯನ್ನು ತೂಗಿ ನೋಡಿಯಾಗಿತ್ತು. ನಿಶ್ಚಿತಾರ್ಥದಲ್ಲಿ ಗಂಡಿನ ತಾಯಿ ಆಶಾರಾಣಿ ಮಂಡಿಯವರೆಗೆ ಚವರಿ ಜಡೆ ಹಾಕಿಕೊಂಡು ಬಂದಿದ್ದಳು.

“ಹಾಕೋಣಮ್ಮ. ನಿನ್ ವಾಯ್ಸ್ ಇಲ್ದೆ ಆಗುತ್ತಾ,” ಅಂದಳು ಅರುಣಾ. “ನನ್ನ ಫೋನಿಗೂ ಕೊಡು, ಮೈಕಿಗೆ ಕನೆಕ್ಟ್ ಮಾಡ್ಬೇಕು. ನೀನು ಮಾತ್ರ ಒಳಗಿರು. ಕೋರದವರು ಊಟಕ್ಕೆ ಕೂತಿರ್ತಾರೆ. ಎದುರಿಗೆ ನಿನ್ ಕುತ್ತಿಗೆ ನೋಡ್ಕೊಂಡು ಹೆಂಗೆ ತಿಂತಾರೆ ಹೇಳು. ಕೆಮ್ಮು ಬಂದ್ರೆ ಅಲ್ಲಿಂದ ಏನ್ ಹಾರುತ್ತೋ.”

ಹನುಮಕ್ಕ ಮಗಳ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಾಗ ಇರುವಂಥ ಮುಖ.

“ಮದ್ವೆ ಮುಗ್ದ ಮ್ಯಾಲೆ ವಾಪಸ್ ಕೊಡ್ಬೇಕು,” ಅಂತ ಒತ್ತಿದಳು.

“ಹಂಡೆ ಏನಮ್ಮ ಅದು?” ಅಂತ ಅರುಣಾ ನಕ್ಕಳು. “ಕೊಡ್ತೀನಿ ಬಿಡು.”

ಫೋನು ಕೇಳಿತು: ನಿಮ್ಮ ಧ್ವನಿಯನ್ನು ಅರುಣಾ ಅವರಿಗೆ ನೀಡಬಹುದೇ? ಹನುಮಕ್ಕ ಹೌದು ಅಂತ ಒತ್ತಿದಳು.

ಮದುವೆ ಗುಬ್ಬಿಯ ಕಲ್ಯಾಣಮಂಟಪದಲ್ಲಿ. ಮುಹೂರ್ತ ಮುಗಿಯುವ ತನಕ ಹನುಮಕ್ಕ ಉಗ್ರಾಣದ ಕೋಣೆಯಲ್ಲಿ ಕೂತು ತಾಂಬೂಲದ ಚೀಲಕ್ಕೆ ತೆಂಗಿನಕಾಯಿ ತುಂಬಿದಳು. ಬಂದು ಹೋಗುವವರು ಅವಳ ಕುತ್ತಿಗೆ ನೋಡಿ, ಚೀಲ ತೆಗೆದುಕೊಂಡು, ಬಾಗಿಲ ಹೊರಗೆ ಹೋದ ಮೇಲೆ ಮಾತಾಡುತ್ತಿದ್ದರು. ಅವಳಿಗೆ ಅದೆಲ್ಲ ಲಕ್ಷ್ಯವಿರಲಿಲ್ಲ. ಬೀಗಿತ್ತಿಯ ಜಡೆಯ ಮೇಲೆ ಪದ ಬರೆದು ಅರುಣಾಳ ಫೋನಿಗೆ ಕಳಿಸಿಟ್ಟಿದ್ದಳು. ಇದೊಂದು ಹಾಡಬೇಕು, ಮೊಮ್ಮಗಳ ಮದುವೆಯಲ್ಲಿ ತನ್ನ ದನಿ ಕೇಳಿ ಜನ ಒಂದು ಸಲ ನಗಬೇಕು, ಆಮೇಲೆ ಏನಾದರೂ ಆಗಲಿ ಅಂತ ಅವಳಿಗಿದ್ದದ್ದು ಅಷ್ಟೇ.

ಪಂಕ್ತಿ ಕೂತ ಸದ್ದಾಯಿತು. ಹನುಮಕ್ಕ ಎದ್ದಳು. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಊಟದ ಹಾಲಿಗೆ ಬಂದು, ಕಂಬದ ಪಕ್ಕ ನಿಂತಳು. ಯಾರೋ ಕುರ್ಚಿ ಹಾಕಿದರು. ದೂರದಿಂದ ಅರುಣಾ ನೋಡಿದಳು. ಕೈಯಲ್ಲಿದ್ದ ಫೋನಿನ ಮೇಲೆ ಬೆರಳಾಡಿಸಿದಳು.

ಮೂಲೆಯ ದೊಡ್ಡ ಸ್ಪೀಕರಿನಿಂದ ಹನುಮಕ್ಕನ ದನಿ ಎದ್ದಿತು. ಹಳೆಯ ದನಿ, ಚಪ್ಪರ ಸೀಳುವಂಥದ್ದು. ಮುದುಕಿಯರು ಕೈಯಲ್ಲಿದ್ದ ತುತ್ತು ಬಿಟ್ಟು ತಲೆಯೆತ್ತಿದರು. ಹನುಮಕ್ಕನ ಮೈ ಜುಮ್ ಅಂತು. ಮೊದಲು ಗಂಡಿನ ಸೋದರಮಾವನಿಗೆ ಒಂದು, ಆಮೇಲೆ ಅವನ ಚಿಕ್ಕಪ್ಪನಿಗೆ ಒಂದು. ಸಾಧಾರಣ ಪದಗಳು. ಅರುಣಾ ಬರೆದಿರಬೇಕು ಅಂದುಕೊಂಡಳು. ಬರಲಿ, ಕಲೀಲಿ. ತನ್ನ ಜಡೆಯ ಪದ ಕೊನೆಗೆ ಬಂದರೆ ಇನ್ನೂ ಚೆಂದ.

ಆಗ ಅದೇ ದನಿ ತೆಗೆಯಿತು:

“ಕುತ್ಗೇಲಿ ಕಿಂಡಿ ಇಟ್ಟು ಕುಂತವ್ಳೆ ನಮ್ಮವ್ವ
ಊದ್ರಮ್ಮ ಬಂದು ಕೊಳಲಂಗೆ, ಊದಿದ್ರೆ
ಕೆಮ್ಮೊಂದೆ ರಾಗ ಬರತೈತೆ.”

ನಗಬಹುದೋ ಬಾರದೋ ಅಂತ ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಾಡಿದ್ದು ಅವಳೇ ತಾನೇ, ಅವಳ ದನಿಯೇ ತಾನೇ, ತನ್ನನ್ನೇ ತಾನು ಜರಿದುಕೊಂಡಳು ಅಂತ ಯಾರೋ ಅಂದರು. ಅಷ್ಟು ಸಾಕಾಯಿತು. ನಗು ಎಲೆಯ ಸಾಲಿನ ಉದ್ದಕ್ಕೂ ಹರಿಯಿತು. ಹಿಂದಿನ ಸಾಲಿನಲ್ಲಿ ರಂಗನಾಥ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಅವನ ಭುಜ ಅಲುಗಾಡುತ್ತಿತ್ತು.

ಮಗಳು ಪದ ಚೆನ್ನಾಗಿ ಕಟ್ಟಿದ್ದಾಳೆ ಅನ್ನುವುದು ಹನುಮಕ್ಕನಿಗೆ ಮೊದಲು ಹೊಳೆದದ್ದು. ಮೂರನೇ ಸಾಲು ತನಗೇ ಇಷ್ಟು ಚೆನ್ನಾಗಿ ಬರುತ್ತಿತ್ತೋ ಇಲ್ಲವೋ. ಅದು ಹೊಳೆದ ಮೇಲೆಯೇ ಕೋಪ ಬಂದದ್ದು. ಕೋಪದ ಜೊತೆ ಕೆಮ್ಮು ಬಂತು, ಬಟ್ಟೆಯ ಅಂಚಿನಿಂದ ಕಫ ಹಾರಿ ಸೆರಗಿನ ಮೇಲೆ ಬಿತ್ತು. “ಅಕೋ, ರಾಗ,” ಅಂದ ಗಂಡಿನ ಕಡೆಯವನೊಬ್ಬ. ಈಗ ಮಕ್ಕಳೂ ನಕ್ಕರು.

ನನ್ನ ಹಂಡೆ ನಾನು ತಗೊಂಡು ಹೋಗ್ತೀನಿ ಅಂದುಕೊಂಡಳು ಹನುಮಕ್ಕ. ಕೆಂಪು ಬಟನ್ ಒತ್ತಿದಳು. ಧ್ವನಿ ಶಾಶ್ವತವಾಗಿ ಅಳಿಸಿಹೋಗುತ್ತದೆ, ಖಚಿತವೇ ಅಂತ ಬಂತು. ಹೌದು. ಮತ್ತೆ ಕೇಳಿತು. ಮತ್ತೆ ಹೌದು. ಒಂದು ಚಕ್ರ ತಿರುಗಿ ನಿಂತಿತು. ಅವಳು ತಲೆಯೆತ್ತಿ ಸ್ಪೀಕರಿನ ಕಡೆ ನೋಡಿದಳು, ಅದು ಈಗ ಬಾಯಿ ಮುಚ್ಚುತ್ತೆ ಅಂತ.

ಸ್ಪೀಕರು ಅದೇ ಪದವನ್ನು ಎರಡನೇ ಸಲ ಶುರುಮಾಡಿತು. ಕೊಳಲಂಗೆ ಅನ್ನುವ ಕಡೆ ಜನವೂ ದನಿಗೂಡಿಸಿದರು.

ಬಡಿಸುತ್ತಿದ್ದ ಅನಂತರಾಜು ಪಲ್ಯದ ಬಕೆಟ್ ಇಟ್ಟು ಓಡಿ ಬಂದ. ಅವಳ ಕೈಯಿಂದ ಫೋನು ತೆಗೆದುಕೊಂಡು ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

“ಅಳಿಸ್ಬಿಟ್ಯಾ ಅತ್ತೆ.” ಅವಳು ಸ್ಪೀಕರಿನ ಕಡೆ ಕೈತೋರಿಸಿದಳು. “ಅದು ನಿಲ್ಲಲ್ಲ. ಮುಂಚೆನೇ ಮಾಡಿಟ್ಟಿರೋ ಹಾಡು ಅದು. ಹಾಡು ಮಾಡ್ಕೊಂಡೋರ ಫೋನಲ್ಲಿ ಹಂಗೇ ಇರುತ್ತೆ, ಅವ್ರದ್ದೇ ಅದು. ಅಪ್‌ಡೇಟ್ ಬಂದಾಗ್ಲೇ ಆ್ಯಪಿನೋರು ರೂಲ್ಸ್ ಬದಲಾಯಿಸಿದ್ರು. ಅವತ್ತಿನ ವಿಡಿಯೋದಲ್ಲಿ ಅಷ್ಟುದ್ದ ಹೇಳಿದ್ನಲ್ಲ, ನೀನು ನೋಡಿಲ್ವಾ?” ಫೋನಿನ ಪರದೆಯನ್ನು ಅವಳ ಕಡೆ ತಿರುಗಿಸಿದ. “ಹೋಗಿದ್ದು ನಿಂದು ಮಾತ್ರ ಕಣತ್ತೆ.”

ಹಾಡು ಮುಗಿಯಿತು. ಈಗ ಪದ್ಧತಿಯಂತೆ ಜರಿಸಿಕೊಂಡವರ ಸರದಿ. ಎಲ್ಲರೂ ಹನುಮಕ್ಕನ ಕಡೆ ತಿರುಗಿದರು. ಬೀಗಿತ್ತಿ ಆಶಾರಾಣಿ ಒಳ್ಳೆಯ ಮನಸ್ಸಿನಿಂದಲೇ ಕೂಗಿ ಹೇಳಿದಳು: “ನೀವೂ ಒಂದ್ ಹೇಳಿ ಅಮ್ಮ. ಎಲೆ ಮಡಿಸಲ್ಲ, ಕಾಯ್ತೀವಿ. ನಿಮ್ ಹೆಸ್ರು ಅಷ್ಟು ಕೇಳಿದೀವಿ.”

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಅಂಥ ಪದ ಅವಳು ಜನ್ಮದಲ್ಲಿ ಕಟ್ಟಿರಲಿಲ್ಲ. ಅನಂತರಾಜುವಿನ ಕೈಯಿಂದ ಫೋನು ಕಿತ್ತುಕೊಂಡು ಅಕ್ಷರ ಹುಡುಕತೊಡಗಿದಳು.

ಹೆತ್ತೋಳ ಗಂಟ್ಲಿಗೆ ಹೆಣ್ಮಗಳು ಇಕ್ಕಳ ಹಾಕಿ
ಹಾಡು ಕಿತ್ಕೊಂಡ್ಲು ಹಲ್ಲಂಗೆ, ನನ್ನವ್ವ
ಕಿತ್ತ ಹಲ್ಲೆಲ್ಲಿ ಅಗಿದೀತು.

ಜನ ಕಾದರು. ಸಾರು ಆರಿತು, ಪಾಯಸ ಕೆನೆಗಟ್ಟಿತು. ಅವಳು ಕೊನೆಯ ಅಕ್ಷರ ಒತ್ತಿ, ಮಾತಾಡು ಅನ್ನುವ ಗುರುತು ಮುಟ್ಟಿದಳು. “ಬ್ಯಾಡ ಅತ್ತೆ,” ಅಂತ ಅನಂತರಾಜು ಕೈ ಹಿಡಿಯುವುದರೊಳಗೆ ಫೋನು ಬಾಯಿಬಿಟ್ಟಿತ್ತು.

ಅದು ಆ್ಯಪಿನಲ್ಲಿ ಮೊದಲಿನಿಂದಲೂ ಇದ್ದ ದನಿ. ಯಾವುದೋ ಹುಡುಗಿಯದು, ಇಸ್ತ್ರಿ ಮಾಡಿಟ್ಟಂಥದ್ದು. ರಾಗವಿಲ್ಲ. ತೊಳೆಯುವ ಬಟನ್ ತಾನಾಗಿಯೇ ಮತ್ತೆ ಆನ್ ಆಗಿತ್ತು. “ಹೆತ್ತವಳ ಗಂಟಲಿಗೆ. ಹೆಣ್ಣುಮಗಳು ಇಕ್ಕಳವನ್ನು ಹಾಕಿ. ಹಾಡನ್ನು ಹಲ್ಲಿನಂತೆ ಕಿತ್ತುಕೊಂಡಳು. ಕಿತ್ತ ಹಲ್ಲು ಎಲ್ಲಿ ಅಗಿಯುತ್ತದೆ.” ‘ದಯವಿಟ್ಟು ಗಮನಿಸಿ’ ಅನ್ನಲಿಲ್ಲ ಅಷ್ಟೇ, ಅನ್ನುವ ಹಾಗಿತ್ತು.

“ಯಾವ ಪ್ಲಾಟ್‌ಫಾರಂ ಕಣಮ್ಮ?” ಅಂದ ಕೆಮ್ಮಿಗೆ ರಾಗ ಅಂದಿದ್ದವನು. “ಅರಸೀಕೆರೆ ಗಾಡಿನಾ?”

ಈ ಸಲದ ನಗುವಿಗೆ ಯಾರೂ ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಆಶಾರಾಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹಸೆಮಣೆಯಿಂದೆದ್ದು ಬಂದಿದ್ದ ಪಲ್ಲವಿ, “ಅಜ್ಜಿ ಸೂಪರ್,” ಅಂತ ವಿಡಿಯೋ ಮಾಡಿಕೊಂಡಳು. ಪದದ ಅರ್ಥ ಕಿವಿಗೆ ಬಿದ್ದದ್ದು ಅರುಣಾಳಿಗೆ ಒಬ್ಬಳಿಗೇ. ಅವಳು ಕಂಬದ ಹತ್ತಿರ ಬಂದು ಅಮ್ಮನ ಸೆರಗಿನ ಮೇಲಿನ ಕಫವನ್ನು ಕರ್ಚೀಫಿನಿಂದ ಒರೆಸಿದಳು.

“ನೀನ್ ಸೋತೆ ಕಣಮ್ಮ,” ಅಂದಳು ಮೆತ್ತಗೆ. “ಎಲೆ ಮಡಿಸಿದ್ರು. ಬಾ, ಊಟ ಮಾಡು.”

ಹನುಮಕ್ಕ ಊಟ ಮಾಡಲಿಲ್ಲ. ಅನಂತರಾಜು ಅವಳನ್ನೂ ದೊಡ್ಡರಂಗಯ್ಯನನ್ನೂ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ. ದೊಡ್ಡರಂಗಯ್ಯ ಗಂಡಸರ ಪಂಕ್ತಿಯಲ್ಲಿ ಮೊದಲೇ ಉಂಡು, ಹೊರಗೆ ಶಾಮಿಯಾನದಲ್ಲಿ ನಿದ್ದೆ ಹೊಡೆದಿದ್ದ. ಅವನಿಗೆ ಒಳಗೆ ಏನಾಯಿತು ಅನ್ನುವುದು ಗೊತ್ತಿರಲಿಲ್ಲ. ಅರುಣಾ ತಾಂಬೂಲದ ಚೀಲಗಳನ್ನು ತಂದು ಅಮ್ಮನ ಮಡಿಲಲ್ಲಿಟ್ಟು, ಕಾರಿನ ಬಾಗಿಲು ಹಾಕಿ, ಕಿಟಕಿಯ ಹತ್ತಿರ ಬಗ್ಗಿದಳು. ದೊಡ್ಡರಂಗಯ್ಯ ಸೀಟಿಗೊರಗಿ ಮತ್ತೆ ತೂಕಡಿಸುತ್ತಿದ್ದ.

“ನಿನ್ನ ವಾಯ್ಸಲ್ಲಿ ಇನ್ನೊಂದ್ ಮಾಡಿಟ್ಕೊಂಡಿದೀನಿ ಅಮ್ಮ. ಮಲ್ಗೋಕ್ ಮುಂಚೆ ದಿನಾ ಕೇಳ್ತೀನಿ. ನೀನೂ ಒಂದ್ಸಲ ಕೇಳ್ಕೊಂಡ್ ಹೋಗು.”

ಫೋನನ್ನು ಕಿಟಕಿಯೊಳಗೆ ಹಿಡಿದು ಬೆರಳು ತಾಗಿಸಿದಳು. ಕಾರಿನೊಳಗೆ ಹನುಮಕ್ಕನ ದನಿ ಸಣ್ಣಗೆ, ನಿಧಾನವಾಗಿ, ಎಂದೂ ಇಲ್ಲದಷ್ಟು ಮಿದುವಾಗಿ ಬಂತು: “ತಪ್ಪಾಯ್ತು ಕಣೆ ಅರುಣಾ. ನಿನ್ನ ಗಂಡನ್ನ ನಾನು ಹಂಗೆ ಹಾಡ್‌ಬಾರ್ದಿತ್ತು. ನಿನ್ನ ಬಾಳು ಹಾಳು ಮಾಡ್ಬುಟ್ಟೆ. ನಂದೇ ತಪ್ಪು.”

ಹನುಮಕ್ಕ ತಲೆಯಲ್ಲಾಡಿಸಿದಳು. ಇಲ್ಲ ಅಂತ ಎರಡೂ ಕೈ ಆಡಿಸಿದಳು. ಗಂಡನ ತೋಳು ಹಿಡಿದು ಅಲುಗಿಸಿದಳು. ತೂತಿನಿಂದ ಬರೀ ಗಾಳಿ ಬಂತು.

ಆ ದನಿಗೇ ಎಚ್ಚೆತ್ತಿದ್ದ ದೊಡ್ಡರಂಗಯ್ಯ, ಪೊರೆ ಬಂದ ಕಣ್ಣುಗಳನ್ನು ದನಿ ಬಂದ ಕಡೆ ತಿರುಗಿಸಿ ಹೆಂಡತಿಯ ಕೈ ತಟ್ಟಿದ.

“ಸದ್ಯ ಹೇಳ್ದೆ ಬುಡು,” ಅಂದ. “ಸಾಯೋದ್ರೊಳಗೆ ಒಂದ್ ಒಳ್ಳೇ ಮಾತಾಡ್ದೆ. ನಡಿಯಪ್ಪ ಅನಂತ, ಹೊತ್ತಾಯ್ತು.”